ತುಟಿ ಕಾಣುವ ಡಿಸ್ಕ್

ಹುಲ್ಲು ಕೊಯ್ದು, ಹಸು ಕರೆದು ಒಡೆದುಹೋಗಿದ್ದ ಎರಡು ಬೆರಳುಗಳಿಂದ ದೊಡ್ಡಮ್ಮ ಎದುರಿನವರ ಗದ್ದ ಹಿಡಿಯುತ್ತಿದ್ದರು. ಮುಖವನ್ನು ಬೆಳಕಿನ ಕಡೆ ತಿರುಗಿಸಿ, "ಹೂಂ, ಈಗ ಹೇಳು" ಅನ್ನುತ್ತಿದ್ದರು. ಅದರಲ್ಲಿ ಚಿಕ್ಕವರು ದೊಡ್ಡವರು ಎಂಬ ಭೇದವಿರಲಿಲ್ಲ. ಪಂಚಾಯಿತಿ ಅಧ್ಯಕ್ಷರ ಗದ್ದವನ್ನೂ ಹಾಗೇ ತಿರುಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಚಿಕ್ಕ ವಯಸ್ಸಿನಲ್ಲಿ ಜ್ವರ ಬಂದು ಅವರ ಎರಡು ಕಿವಿಯೂ ಹೋಗಿದ್ದವು. ಅಷ್ಟು ಹೊತ್ತಿಗೆ ಮಾತು ಕಲಿತಿದ್ದರಿಂದ ಮಾತು ಉಳಿಯಿತು. ಕೇಳಿಸಿಕೊಳ್ಳುವ ಕೆಲಸವನ್ನು ಕಣ್ಣಿಗೆ ಕಲಿಸಿದರು. ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಿದ್ದರು. ದಪ್ಪ ಮೀಸೆಯವರನ್ನು ಕಂಡರೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ. "ಮೊದ್ಲು ಆ ಪೊದೆ ಕತ್ತರಿಸ್ಕೊಂಡ್ ಬಾರಪ್ಪ, ಆಮೇಲ್ ಮಾತಾಡುವಂತೆ" ಎಂದು ಹೆಬ್ಬೂರಿನ ಬಸ್ಸಿನಲ್ಲಿ ಕಂಡಕ್ಟರಿಗೇ ಹೇಳಿದ್ದರು. ಅಪ್ಪ ಅಂದರೂ ಅಮ್ಮ ಅಂದರೂ ತುಟಿ ಒಂದೇ ರೀತಿ ಕೂಡುತ್ತದೆ ಎಂದು ನನಗೆ ತೋರಿಸಿಕೊಟ್ಟವರು ಅವರು. "ಕೆನ್ನೆ ನೋಡ್ಬೇಕು, ಗಂಟ್ಲು ನೋಡ್ಬೇಕು, ಯಾರ್ ಬಗ್ಗೆ ಮಾತಾಡ್ತಾವ್ರೆ ಅಂತ ನೋಡ್ಬೇಕು ಕಣೇ. ನಿಮ್ಗೆಲ್ಲ ಸುಮ್ನೆ ಬಂದ್ ಕಿವಿಗ್ ಬೀಳ್ತದೆ."

ಇಂಥವರನ್ನು ಜನ ನಡೆಸಿಕೊಂಡ ರೀತಿ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ದೊಡ್ಡಮ್ಮನಿಗೆ ಮಗಳು ಹುಟ್ಟಿದಾಗ, ಮಗು ಅತ್ತರೆ ಕಿವುಡಿಗೆ ಹೇಗೆ ಗೊತ್ತಾಗಬೇಕು ಎಂದು ಅವರ ಅತ್ತೆ ಆ ಹಸುಗೂಸನ್ನು ಬೇರೆ ಮನೆಗೆ ಸಾಕಲು ಕೊಡಲು ಹೊರಟಿದ್ದರು. ದೊಡ್ಡಮ್ಮ ತೊಟ್ಟಿಲಿನಿಂದ ತಮ್ಮ ಕಾಲ್ಬೆರಳಿಗೆ ಒಂದು ದಾರ ಕಟ್ಟಿಕೊಂಡು ಮಲಗಿದರು. ಮಗು ಕೈಕಾಲು ಬಡಿದರೆ ದಾರ ಎಳೆಯುತ್ತಿತ್ತು, ಇವರು ಎದ್ದು ಕೂರುತ್ತಿದ್ದರು. ಹಾಗೆಯೇ ಮಗಳನ್ನು ಸಾಕಿದರು. ಆ ಜಗಳದಲ್ಲಿ ದೊಡ್ಡಪ್ಪ ಒಂದು ಮಾತೂ ಆಡಲಿಲ್ಲ. ಹೆಂಡತಿಯನ್ನು ಬೈದು ಹೊಡೆದು ಮಾಡಿದವರಲ್ಲ, ಆದರೆ ತಾಯಿಯ ಎದುರು ಬಾಯಿ ಬಿಡುವ ಗಂಡಸೂ ಅಲ್ಲ. "ಅವತ್ತು ನಿಮ್ ದೊಡ್ಡಪ್ಪ ಗೋಡೆ ನೋಡ್ಕೊಂಡ್ ನಿಂತಿದ್ದ" ಎಂದು ದೊಡ್ಡಮ್ಮ ನನಗೆ ಎಷ್ಟು ಸಲ ಹೇಳಿದ್ದರೋ.

ಆ ಮಗಳ ಮದುವೆ ಕುಣಿಗಲ್ಲಿನ ಛತ್ರದಲ್ಲಿ ಆಯಿತು. ಅದಾಗಿ ಹೆಚ್ಚು ದಿನ ಕಳೆಯಲಿಲ್ಲ, ಕೊರೋನಾ ಬಂತು, ದೊಡ್ಡಪ್ಪ ಮಲಗಿದರು. ಆಗ ಊರಿನಲ್ಲಿ ಯಾರ ಬಾಯಿ ನೋಡಿದರೂ ಮಾಸ್ಕ್. ದೊಡ್ಡಮ್ಮನ ಪಾಲಿಗೆ ಊರಿಗೆ ಊರೇ ಬಾಯಿ ಮುಚ್ಚಿಕೊಂಡಂತಾಯಿತು. ಆಂಬುಲೆನ್ಸಿನಲ್ಲಿ ದೊಡ್ಡಪ್ಪನ ಮುಖಕ್ಕೂ ಆಕ್ಸಿಜನ್ ಮಾಸ್ಕ್ ಹಾಕಿದ್ದರು. ಅದರೊಳಗಿಂದ ಅವರು ಏನೋ ಹೇಳಿದರಂತೆ. ಹಬೆ ಕಟ್ಟಿ ತುಟಿ ಕಾಣಲಿಲ್ಲ. ಅವರು ಮರಳಿ ಬರಲಿಲ್ಲ.

ಆಮೇಲೆ ದೊಡ್ಡಮ್ಮ ಮಾತು ನಿಲ್ಲಿಸಿಬಿಟ್ಟರು. ಯಾರ ಗದ್ದವನ್ನೂ ಹಿಡಿಯಲಿಲ್ಲ. ನಮಗೆಲ್ಲ ದೊಡ್ಡಪ್ಪನ ದನಿ ನೆನಪಿದೆ, ಅವರಿಗೆ ಆ ತುಟಿಯೇ ದನಿ. ತಿಂಗಳುಗಳಾದ ಮೇಲೆ ಒಂದು ಭಾನುವಾರ ನಾನು ತುಮಕೂರಿನಿಂದ ಹೋದಾಗ ಇದ್ದಕ್ಕಿದ್ದಂತೆ ಹೇಳಿದರು: "ಮಗಳ್ ಧಾರೆ ಹೊತ್ನಲ್ಲಿ ನಿಮ್ ದೊಡ್ಡಪ್ಪ ನಂಗೇನೋ ಅಂದ ಕಣೇ. ನಾನ್ ಬಗ್ಗಿ ಚೊಂಬು ನೋಡ್ತಿದ್ದೆ. ಕೆನ್ನೆಗೆ ಅವ್ನ ಉಸ್ರು ತಾಕ್ತು. ತಲೆ ಎತ್ತೋ ಹೊತ್ಗೆ ಬಾಯ್ ಮುಚ್ಕೊಂಡ. ಏನಂದೆ ಅಂದ್ರೆ ಏನಿಲ್ಲ ಬುಡು ಅಂದ."

ಮಂಟಪದ ಮೇಲಿದ್ದವರನ್ನೆಲ್ಲ ಕೇಳಿದೆವು. ಗಟ್ಟಿಮೇಳದ ಸದ್ದಿನಲ್ಲಿ ಏನು ಕೇಳಿಸುತ್ತೆ ಎಂದರು. "ಇಡಿಯೋದಲ್ ಇರ್ತದೆ, ಹಾಕು" ಎಂದರು ದೊಡ್ಡಮ್ಮ.

ಹಾಕಿದೆವು. ಎರಡು ದಿನದ ಮದುವೆಯನ್ನು ಸ್ಟುಡಿಯೋದವನು ಒಂದೇ ಡಿವಿಡಿಗೆ ತುರುಕಿದ್ದ. ಧಾರೆಯ ಮೇಲೆ ಗುಲಾಬಿ ದಳಗಳು ಉದುರುತ್ತಿದ್ದವು, ಜೊತೆಗೊಂದು ಸಿನಿಮಾ ಹಾಡು. ದೊಡ್ಡಪ್ಪನ ಬಾಯಿ ಇರಬೇಕಾದ ಕಡೆ ಚೌಕ ಚೌಕವಾಗಿ ಒಡೆದ ಬಣ್ಣ. ಸ್ವಲ್ಪ ಚೆನ್ನಾಗಿದ್ದ ಕಾಪಿ ಪೆನ್‌ಡ್ರೈವಿನಲ್ಲಿತ್ತಂತೆ, ಅದನ್ನು ಅಳಿಯ ಮಹಾಶಯ ಸಿನಿಮಾ ತುಂಬಿಸಿಕೊಳ್ಳಲು ಅಳಿಸಿದ್ದ. ಅವನಿಗೆ ನಾನು ಫೋನಿನಲ್ಲಿ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ದೊಡ್ಡಮ್ಮ ಮಾತ್ರ, "ನಂಗೆ ಡಿಸ್ಕೇ ಬೇಕು. ಯಾವನೂ ಅಳಿಸ್ಬಾರ್ದು" ಎಂದರು.

ಇಬ್ಬರೂ ತುಮಕೂರಿನ ಆ ಸ್ಟುಡಿಯೋಗೆ ಹೋಗಿ, ತುಟಿ ಕಾಣುವ ಹಾಗೆ ಬೇರೆ ಡಿಸ್ಕ್ ಮಾಡಿಕೊಡು ಎಂದೆವು. ಅವನು ದೊಡ್ಡಮ್ಮನ ಕಡೆ ನೋಡಲೂ ಇಲ್ಲ. ಮಾಸ್ಕ್ ಗದ್ದಕ್ಕೆ ಇಳಿಸಿಕೊಂಡು ನನಗೆ ಹೇಳಿದ: "ಮೇಡಂ, ಅವ್ರಿಗೆ ಕಿವೀನೇ ಕೇಳ್ಸಲ್ವಂತಲ್ಲ. ಇರೋ ಕ್ಲಾರಿಟಿ ಸಾಕು ಬಿಡಿ."

ನನಗೆ ಪಿತ್ತ ನೆತ್ತಿಗೇರಿತು. ನಾನು ಬಾಯಿ ತೆರೆಯುವ ಮುಂಚೆಯೇ ದೊಡ್ಡಮ್ಮ ಅವನ ತುಟಿ ಓದಿಯಾಗಿತ್ತು. ಅಂಗಡಿಯೆಲ್ಲ ತಿರುಗಿ ನೋಡುವಂತೆ, "ಕಿವಿ ಕೇಳ್ಸಲ್ಲ ಅಂತ್ಲೇ ಕಣಪ್ಪಾ ಕಣ್ಣಿಗ್ ಕಾಣೋದ್ ಕೇಳ್ತಿರೋದು!" ಎಂದರು.

ವಾರ ಬಿಟ್ಟು ಬನ್ನಿ ಎಂದ. ಹೋದರೆ ಡಿವಿಡಿಗಿಂತ ಎಷ್ಟೋ ಪಟ್ಟು ಹೆಚ್ಚು ಹಿಡಿಸುವ ಬ್ಲೂರೇ ಡಿಸ್ಕ್ ಕೊಟ್ಟು, ಇದು ಫುಲ್ ಎಚ್‌ಡಿ ಎಂದು ಎದೆಯುಬ್ಬಿಸಿದ. ಅವನ ಟೀವಿಯಲ್ಲೇ ಹಾಕಿಸಿದೆ. ಅದೇ ಗುಲಾಬಿ ದಳ, ಅದೇ ಹಾಡು. ಮೈಗಳ್ಳ, ಡಿವಿಡಿಯಲ್ಲಿದ್ದ ಸಣ್ಣ ಚಿತ್ರವನ್ನೇ ಹಿಗ್ಗಿಸಿ ದೊಡ್ಡ ಡಿಸ್ಕಿಗೆ ಹಾಕಿದ್ದ. "ಸಣ್ಣ ಮಸೀನ ದೊಡ್ಡ ಮಸಿ ಮಾಡಿದ್ದೀಯಲ್ಲೋ" ಎಂದರು ದೊಡ್ಡಮ್ಮ. ಕ್ಯಾಮೆರಾದಲ್ಲಿ ತೆಗೆದ ಮೂಲ ಎಲ್ಲಿ ಎಂದು ನಾನು ಕೇಳಿದೆ. ಯಾವುದೋ ಹಾರ್ಡ್‌ಡಿಸ್ಕಿನಲ್ಲಿದೆ, ಹುಡುಕಲು ಪುರಸೊತ್ತಿಲ್ಲ ಎಂದ.

ದೊಡ್ಡಮ್ಮ ಸೀದಾ ಒಳಗೆ ಹೋಗಿ, ಪಾಸ್‌ಪೋರ್ಟ್ ಫೋಟೋ ತೆಗೆಯುವ ಸ್ಟೂಲಿನ ಮೇಲೆ ಕೂತರು. ದೀಪಗಳ ನಡುವೆ, ಮಡಿಲಲ್ಲಿ ಬ್ಯಾಗು ಇಟ್ಟುಕೊಂಡು. ಫೋಟೋಗೆ ಬಂದವರು ಬಾಗಿಲಲ್ಲಿ ನಿಂತೇ ಇದ್ದರು. ಅವನು ಕೈ ಮುಗಿದ, ಕೂಗಾಡಿದ. ಕೂಗಾಡಿದ್ದು ಅವರಿಗೆ ಕೇಳಿಸುವುದಿಲ್ಲವಲ್ಲ, ಕಣ್ಣು ಮುಚ್ಚಿಕೊಂಡರು. ಕೊನೆಗೆ ಬೀರು ತೆಗೆದು ಹಾರ್ಡ್‌ಡಿಸ್ಕ್ ಹುಡುಕಿದ.

ಅಷ್ಟರಲ್ಲಿ ನಾನೂ ಈ ಡಿಸ್ಕುಗಳ ಬಗ್ಗೆ ಅಲ್ಲಿ ಇಲ್ಲಿ ಓದಿ ತಿಳಿದುಕೊಂಡಿದ್ದೆ. ಅವನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು ಹೇಳಿದೆ: ಚಿತ್ರದ ಅಳತೆ ಕುಗ್ಗಿಸಬೇಡ, ವೇಗ ಮುಟ್ಟಬೇಡ, ಹೂವು ಹಾಡು ಏನೂ ಬೇಡ. ಧಾರೆಯೊಂದನ್ನೇ ಹಾಕು, ಆಗ ಡಿಸ್ಕಿನಲ್ಲಿ ಬೇಕಾದಷ್ಟು ಜಾಗ. ಒಂದೊಂದು ಸೆಕೆಂಡಿನ ಚಿತ್ರಕ್ಕೆ ಎಷ್ಟು ಜಾಗ ಕೊಡಬೇಕೆಂದು ಹೇಳುವ ಆ ಬಿಟ್‌ರೇಟ್ ಇದೆಯಲ್ಲ, ಅದನ್ನು ಡಿಸ್ಕು ತಡೆಯುವಷ್ಟೂ ಏರಿಸು. "ಇಷ್ಟೆಲ್ಲ ಯಾರೂ ಕೇಳಲ್ಲ ಮೇಡಂ" ಎಂದು ಗೊಣಗಿದ. ನಾವು ಕೇಳುತ್ತಿದ್ದೇವಲ್ಲ, ಮಾಡು ಎಂದೆ. ಅವನ ಷೋಕೇಸಿನಲ್ಲಿ ಕೇಳುವವರಿಲ್ಲದೆ ಕೂತಿದ್ದ ಬ್ಲೂರೇ ಪ್ಲೇಯರನ್ನೂ ಕೊಂಡು ಹೆಬ್ಬೂರಿನ ಬಸ್ಸು ಹತ್ತಿದೆವು.

ಮನೆಯಲ್ಲಿ ದೊಡ್ಡಮ್ಮನ ಮಗಳೂ ಇದ್ದಳು. ಕಿಟಕಿ ಮುಚ್ಚಿ ಹಾಕಿದೆವು. ಮಗಳ ಬಾಸಿಂಗದ ಮಣಿ ಮಣಿಯೂ ಕಾಣುತ್ತಿತ್ತು. ದೊಡ್ಡಮ್ಮ ತಲೆ ಬಗ್ಗಿಸಿ ಹಾಲು ನೀರು ಎರೆಯುತ್ತಿದ್ದಾರೆ. ಪಕ್ಕದಲ್ಲಿ ದೊಡ್ಡಪ್ಪ ಮಗಳನ್ನು ನೋಡಿ, ಹೆಂಡತಿಯನ್ನು ನೋಡಿ, ಆ ಬಗ್ಗಿದ ತಲೆಯ ಹತ್ತಿರ ವಾಲಿ ಏನೋ ಹೇಳಿದರು. ವಾಲಗದ ಅಬ್ಬರದಲ್ಲಿ ನಮಗೆ ಒಂದಕ್ಷರವೂ ತಿಳಿಯಲಿಲ್ಲ. ದೊಡ್ಡಮ್ಮ ಟೀವಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಇನ್ನೊಂದ್ಸಲ" ಎಂದರು. ಮತ್ತೆ "ಇನ್ನೊಂದ್ಸಲ".

ಆಮೇಲೆ ಏರಿಳಿತವಿಲ್ಲದ ತಮ್ಮ ದನಿಯಲ್ಲಿ ಓದಿ ಹೇಳಿದರು: "'ಈ ಮಗೀನ ಉಳಿಸ್ಕೊಂಡೋಳು ನೀನು ಕಣೇ. ಅವತ್ತು ನಾನ್ ಬಾಯಿ ಬಿಡ್ಬೇಕಿತ್ತು.'"

ಮಗಳು ಬಿಕ್ಕಿ ಬಿಕ್ಕಿ ಅತ್ತಳು. ದೊಡ್ಡಮ್ಮನೂ ಅಳುತ್ತಾರೆ ಎಂದುಕೊಂಡೆ. ಅವರು ಎದ್ದು ಟೀವಿಯ ಹತ್ತಿರ ಹೋಗಿ ದೊಡ್ಡಪ್ಪನ ಮುಖಕ್ಕೆ ಬೆರಳು ತೋರಿಸಿ ಕೂಗಿದರು: "ಥೂ, ಕಳ್ಳ! ನನ್ ಮೂತಿ ಎತ್ಸಿ ಹೇಳಕ್ ಏನಾಗಿತ್ತು ನಿಂಗೆ? ಇಷ್ಟ್ ವರ್ಷ ಕಾದಿದ್ದೀನಿ, ನಂಗ್ ಕಾಣ್ದೇ ಇರೋವಾಗ ಹೇಳ್ತೀಯಾ?"

ಆವತ್ತಿನಿಂದ ದಿನವೂ ಡಿಸ್ಕ್ ಹಾಕಿಸಿ ಗಂಡನನ್ನು ಬೈಯುತ್ತಿದ್ದರು. ತಲೆ ಕೆಟ್ಟಿದೆ ಎಂದು ಬೀದಿಯವರು ಆಡಿಕೊಂಡರು. ಆಡಿಕೊಳ್ಳಲಿ. ಬಾಯಿ ಕಟ್ಟಿಹೋಗಿದ್ದ ಹೆಂಗಸು ಮತ್ತೆ ಮಾತಾಡಿದರು, ಉಂಡರು, ನನ್ನ ಗದ್ದ ಹಿಡಿದು ತಿರುಗಿಸಿದರು. ನನಗೆ ಅಷ್ಟು ಸಾಕಾಗಿತ್ತು.

ಹೋದ ವರ್ಷ ದೊಡ್ಡಮ್ಮ ತೀರಿಕೊಂಡರು. ಮಣ್ಣಿಗೆ ಬಂದಿದ್ದ ನೆಂಟರಲ್ಲಿ, ಅಂದು ಮಂಟಪದ ಮೇಲೆ ದೊಡ್ಡಪ್ಪನ ಮಗ್ಗುಲಲ್ಲೇ ನಿಂತಿದ್ದವರೊಬ್ಬರು ಲೊಚಗುಟ್ಟಿ, "ಪಾಪ, ಕಟ್ಕೊಂಡ ಗಂಡನ್ ಒಂದ್ ಮಾತೂ ಕೇಳಿಸ್ಕೊಳ್ದಂಗೆ ಹೋಗ್ಬುಟ್ಲು" ಎಂದರು.

ಅಷ್ಟು ಜನರ ಎದುರೇ ನಾನು ಅವರ ಮೇಲೆ ಹರಿಹಾಯ್ದೆ. "ಕಿವಿ ಇಟ್ಕೊಂಡು ಪಕ್ಕದಲ್ಲೇ ನಿಂತಿದ್ರಲ್ಲ, ದೊಡ್ಡಪ್ಪ ಹೇಳಿದ್ದು ನಿಮಗೆ ಕೇಳಿಸ್ತಾ? ನಿಮ್ಮಲ್ಲಿ ಯಾರಿಗಾದ್ರೂ ಕೇಳಿಸ್ತಾ? ಕೇಳಿಸಿದ್ದು ನಮ್ಮ ದೊಡ್ಡಮ್ಮ ಒಬ್ಬರಿಗೇ!"