ಸದ್ದಿಲ್ಲದ ಕಾರು, ಬಿಸಿ ರೊಟ್ಟಿ

ಪೀಣ್ಯದ ಹಿಂದೆ, ದಾಸರಹಳ್ಳಿಯ ಅಕ್ಕನ ಮನೆಯಲ್ಲಿ ಆ ಸಂಜೆ ನಾವು ನಾಲ್ವರಿದ್ದೆವು. ಕಾರಿನ ಜಾಹೀರಾತು ಹರಡಿಕೊಂಡು ಕುಳಿತ ಭಾವ, ನೆಲದ ಮೇಲಿಟ್ಟ ಗ್ಯಾಸ್ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ಅಕ್ಕ, ರಾಣೆಬೆನ್ನೂರಿನಿಂದ ಬಂದಿದ್ದ ಅವಳ ಅತ್ತೆ, ತಿನ್ನಲೆಂದೇ ಹೋಗಿದ್ದ ನಾನು. ಕಾರು ಕಂಪನಿಗಳೆಲ್ಲ ಹೈಬ್ರಿಡ್ ಗಾಡಿಯ ಹಿಂದೆ ಬಿದ್ದಿದ್ದ ಕಾಲ ಅದು. ಒಬ್ಬರು ಪೆಟ್ರೋಲು ಕಡಿಮೆ ಸಾಕು ಎಂದರೆ, ಇನ್ನೊಬ್ಬರು ಅದಕ್ಕಿಂತಲೂ ಕಡಿಮೆ ಎನ್ನುತ್ತಿದ್ದರು. ಮೂರನೆಯವರು ತಮ್ಮ ಗಾಡಿ ಹೊರಟದ್ದೇ ತಿಳಿಯುವುದಿಲ್ಲ ಎಂದು ಹೊಗಳಿಕೊಳ್ಳುತ್ತಿದ್ದರು. ಮೌನಕ್ಕಾಗಿ ಇಷ್ಟು ಗದ್ದಲದ ಪೈಪೋಟಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

“ಹೈಬ್ರಿಡ್ ಜ್ವಾಳದ ರೊಟ್ಟಿ ತಿಂದೀನಪಾ ನಾನು,” ಎಂದರು ಅತ್ತೆ. “ರಾಶಿ ಭಾಳ, ರುಚಿ ಇಲ್ಲ. ನಿನ್ನ ಕಾರು ಹೆಂಗೈತೋ.”

ಭಾವ ಅರ್ಧನಾರೀಶ್ವರನನ್ನು ನೆರವಿಗೆ ಕರೆದರು. ಒಂದೇ ಮೈಯಲ್ಲಿ ಪೆಟ್ರೋಲಿನ ಎಂಜಿನ್ನೂ ಉಂಟು, ಕರೆಂಟಿನ ಮೋಟಾರೂ ಉಂಟು. ಶಿವನ ಹೆಸರು ಬಂದದ್ದೇ ತಾಯಿ ಕೈ ಮುಗಿದರು. ಕಾರು ಬಂತು.

ತುಮಕೂರು ರಸ್ತೆಯ ಸಿಗ್ನಲ್ಲಿನಲ್ಲಿ ಸುತ್ತ ಲಾರಿಗಳು ಗುಡುಗುತ್ತಿದ್ದರೆ, ನಮ್ಮದು ಕೆರೆಯ ನಡುವಿನ ತೆಪ್ಪದಂತೆ ಸುಮ್ಮನೆ ನಿಂತಿತು. ಕೆಟ್ಟಿತೆಂದು ತಿಳಿದು ನಾನು ತಳ್ಳಲು ಇಳಿಯಹೋದೆ.

“ಕುಂದ್ರಪಾ, ಅದು ಧ್ಯಾನದಾಗ ಐತಿ,” ಎಂದರು ಭಾವ.

ನಮ್ಮಜ್ಜ ಸ್ವಂತ ಮನೆಯ ಹೊಸ್ತಿಲನ್ನೂ ಕೆಮ್ಮಿಯೇ ದಾಟುತ್ತಿದ್ದರು. ಮನುಷ್ಯನಿಗಿಂತ ಮೊದಲು ಅವನ ಸದ್ದು ಒಳಗೆ ಹೋಗಬೇಕಂತೆ. ಭಾವನ ಹಳೆಯ ಡೀಸೆಲ್ ಕಾರಿಗೂ ಆ ಮರ್ಯಾದೆ ಗೊತ್ತಿತ್ತು. ಬೀದಿಯ ತಿರುವಿನಲ್ಲೇ ಕೆಮ್ಮುತ್ತಿತ್ತು. ಆ ಸದ್ದಿಗೆ ಅಕ್ಕ ಹೆಂಚಿಗೆ ರೊಟ್ಟಿ ಹಾಕಿದರೆ, ಭಾವ ಕೈಕಾಲು ತೊಳೆದು ಕೂರುವಷ್ಟರಲ್ಲಿ ಅದು ಉಬ್ಬಿ ತಟ್ಟೆಗೆ ಬೀಳುತ್ತಿತ್ತು. ಮದುವೆಯಾದಾಗಿನಿಂದ ಗಂಡನಿಗೆ ಆರಿದ ರೊಟ್ಟಿ ಬಡಿಸಿದವಳಲ್ಲ ಎಂಬುದೇ ಅವಳ ಹೆಮ್ಮೆ.

ಹೊಸ ಕಾರು ಆ ಹೆಮ್ಮೆಗೇ ಕೈಹಾಕಿತು. ಕಾದ ಹೆಂಚಿನ ಮುಂದೆ ಕಿವಿಗೊಟ್ಟು ಕೂತವಳ ಬೆನ್ನ ಹಿಂದೆ ಭಾವ ಬಂದು ನಿಂತಿರುತ್ತಿದ್ದರು. ಗಡಿಯಾರ ನಂಬಿ ಬೇಯಿಸಿದರೆ, ಭಾವ ಜಾಲಹಳ್ಳಿ ಕ್ರಾಸಿನಲ್ಲಿ ಸಿಕ್ಕಿಕೊಂಡಿರುತ್ತಿದ್ದರು, ಇಲ್ಲಿ ರೊಟ್ಟಿ ಹಪ್ಪಳವಾಗುತ್ತಿತ್ತು.

“ನಿಮ್ಮ ಕಾರಿನಾಗ ಎಲ್ಲಾ ಐತ್ರಿ,” ಎಂದಳು ಅಕ್ಕ ಒಂದು ದಿನ, ಹೆಂಚನ್ನೇ ನೋಡುತ್ತ. “ನೀವು ಬಂದ್ರಿ ಅಂತ ನನಗ ಹೇಳೋದೊಂದಿಲ್ಲ.”

ಭಾವ ಅಲ್ಲೇ ಒಲೆಯ ಬಳಿ ಮಣೆ ಎಳೆದುಕೊಂಡು ಕುಳಿತರು. “ಆತು, ಈಗ ಬಂದೀನಿ. ಈಗ ತಟ್ಟು.”

ಅದೇ ರೂಢಿಯಾಯಿತು. ಹಿಟ್ಟು ನಾದಿ, ತಟ್ಟಿ, ಬೇಯುವತನಕ ಮಣೆಯ ಮೇಲೆ ಕೂತವನು ಏನು ಮಾಡಬೇಕು? ಮಾತಾಡಬೇಕು. ಕಾರ್ಖಾನೆಯ ಹೊಸ ಮ್ಯಾನೇಜರನ ಮೀಸೆ, ಮೇಲಿನ ಮನೆಯವರ ನಲ್ಲಿನೀರಿನ ಜಗಳ, ಏನಾದರೊಂದು. ಕೆಲವೊಮ್ಮೆ ಏನೂ ಇಲ್ಲ. ಅಕ್ಕನ ಕೈಯ ಸಪ್ಪಳವಷ್ಟೇ.

ಮುಂದೊಮ್ಮೆ ಆ ಕಾರು ಸರ್ವೀಸಿಗೆ ಹೋದಾಗ, ಭಾವ ಗೆಳೆಯರೊಬ್ಬರ ಡೀಸೆಲ್ ಗಾಡಿಯಲ್ಲಿ ಬಂದರು. ತಿರುವಿನಲ್ಲೇ ಕೆಮ್ಮು ಕೇಳಿಸಿತು.

“ಅಕ್ಕಾ, ಭಾವ ಬಂದ್ರು,” ಎಂದೆ.

“ಕೇಳಿಸ್ತಪಾ,” ಎಂದಳು. ಒಲೆ ಹಚ್ಚಲಿಲ್ಲ. ಮಣೆಯನ್ನು ಸೆರಗಿನಿಂದ ಒರೆಸಿ, ಒಲೆಯ ಹತ್ತಿರಕ್ಕೆ ಸರಿಸಿಟ್ಟಳು.