ಸೇಡಂನಲ್ಲಿ ತಾಯಿಯ ಪಾರ್ಟು

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವಾಗ ಸುಂಕದ ಜವಾನನೊಬ್ಬ ನನ್ನ ಟ್ರಂಕು ತೆಗೆಸಿದ. ಮೇಲೆ ಧೋತರ, ಕೋಟು. ಅವುಗಳ ಕೆಳಗೆ ಜರಿಯಂಚಿನ ಸೀರೆ, ಕುಪ್ಪಸ, ಗಾಜಿನ ಹರಳಿನ ಸರ, ಉದ್ದನೆಯ ಚೌರಿ ಕೂದಲು. ಅವನು ಚೌರಿಯನ್ನು ಬೆರಳಲ್ಲಿ ಎತ್ತಿ ಹಿಡಿದು, ಒಮ್ಮೆ ಗಾಡಿಯ ಕಡೆ ನೋಡಿ, ಒಮ್ಮೆ ನನ್ನ ಕಡೆ ನೋಡಿ ಕೇಳಿದ: “ಘರ್‌ವಾಲಿ ಕಿಧರ್ ಹೈ?”

ನನಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿ ನಿಂತಿದ್ದ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿ ಬಿಡಿಸಿ ಹೇಳಿದ: “ನಿಮ್ಮ ಹೇಣ್ತಿ ಎಲ್ಲಿ ಅದಾಳ ಅಂತ ಕೇಳಾಕತ್ಯಾನ್ರಿ.”

“ಹೆಂಡತಿ ಇಲ್ಲ. ಇವು ನನ್ನವೇ” ಅಂದುಬಿಟ್ಟೆ.

ವ್ಯಾಪಾರಿ ಅದನ್ನು ಉರ್ದುವಿಗೆ ತಿರುಗಿಸಿದ ಕೂಡಲೇ ಸುತ್ತಲಿನವರೆಲ್ಲ ನಕ್ಕರು. ಮೊಗಲಾಯಿ ಸೀಮೆ ನನ್ನನ್ನು ಬರಮಾಡಿಕೊಂಡದ್ದು ಹೀಗೆ. ನಮ್ಮ ಹಾವೇರಿ ಕಡೆಯವರು ನಿಜಾಮರ ರಾಜ್ಯಕ್ಕೆ ಮೊಗಲಾಯಿ ಅನ್ನುತ್ತೇವಲ್ಲ, ಇಲ್ಲಿಯವರು ನಮ್ಮ ಇಂಗ್ರೇಜಿ ಸೀಮೆಗೆ ‘ಕಂಪನಿ ಮುಲಕ’ ಅನ್ನುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಬೇರೆಯೇ ಕಂಪನಿಯ ನೆನಪಾಗಿ ಕಿವಿ ಬಿಸಿಯಾಗುತ್ತಿತ್ತು.

ನಾನಿದ್ದದ್ದು ನಾಟಕ ಕಂಪನಿಯಲ್ಲಿ. ಮೀಸೆ ಚಿಗುರುವ ಮೊದಲೇ ಸೇರಿ, ದನಿ ಒಡೆದ ಮೇಲೂ ಹೆಣ್ಣಿನ ಪಾರ್ಟು ಮಾಡುತ್ತಾ ಬಂದವನು. ಕಂಪನಿ ಮುರಿದಾಗ ಸಂಬಳದ ಬದಲು ಕೈಗೆ ಬಂದದ್ದು ಆ ಬಟ್ಟೆಬರೆ. ಊರಿಗೆ ಹೋದೆ. ಅಣ್ಣನ ಮಗಳಿಗೆ ವರ ನೋಡುತ್ತಿದ್ದರು. ಬೀಗರಾಗುವವರು ಬರುವ ದಿನ ಅಣ್ಣ ನನ್ನ ಮುಖ ನೋಡದೆ ಹೇಳಿದ: “ನೀ ಇವತ್ತ ಹಿತ್ತಲದಾಗ ಇರು. ನಿನ್ನ ಗುರುತು ಹಿಡಿತಾರ.” ಅದೇ ವಾರ, ಸೇಡಂನ ಒಂದು ಖಾಸಗಿ ಶಾಲೆಗೆ ಕನ್ನಡ ಮತ್ತು ನಾಟಕ ಕಲಿಸುವ ಮಾಸ್ತರ ಬೇಕೆಂಬ ಸುದ್ದಿ ತಿಳಿದು ಹೊರಟುಬಿಟ್ಟೆ. ಅಲ್ಲಿ ನನ್ನ ಗುರುತು ಹಿಡಿಯುವವರು ಯಾರೂ ಇರುವುದಿಲ್ಲ ಎಂಬುದೇ ನನಗೆ ದೊಡ್ಡ ಸಂಬಳವಾಗಿ ಕಂಡಿತು.

ಸೇಡಂನಲ್ಲಿ ಗೋಡೆ ಕಲ್ಲು, ನೆಲ ಕಲ್ಲು, ತಲೆಯ ಮೇಲಿನ ಮಾಳಿಗೆಯೂ ಕಲ್ಲು. ನಮ್ಮ ಹೆಂಚಿನ ಮನೆಯಲ್ಲಿ ಮಳೆಗಾಲ ಸದ್ದು ಮಾಡುತ್ತದೆ, ಇಲ್ಲಿಯ ಚಪ್ಪಡಿ ಕಲ್ಲಿನ ಮನೆಯಲ್ಲಿ ಬೇಸಿಗೆ ಸದ್ದಿಲ್ಲದೆ ಬೇಯಿಸುತ್ತದೆ. ನನಗೆ ಕೋಣೆ ಕೊಟ್ಟವರು ಶರಣಮ್ಮ ಎಂಬ ವಿಧವೆ. ಹಣೆಯ ತುಂಬ ವಿಭೂತಿ, ಬಾಯ ತುಂಬ ಮಾತು. ರೊಟ್ಟಿ ನಮ್ಮಲ್ಲೂ ಉಂಟು, ಆದರೆ ಅದರ ಜೊತೆ ಅವರು ಬಡಿಸಿದ ಪುಂಡಿಪಲ್ಯದ ಹುಳಿಗೆ ಮೊದಲ ದಿನ ನನ್ನ ಕಣ್ಣೇ ಮುಚ್ಚಿತು.

“ಹುಳಿ ಆತೇನ್ರಿ ಮಾಸ್ತರ? ತಿನಕೋತ ಹೋಗ್ರಿ. ಆಮ್ಯಾಲ ಇದು ಇಲ್ಲಂದ್ರ ಉಣ್ಣಾಕ ಬರಂಗಿಲ್ಲ ನಿಮಗ” ಅಂದರು. ಅವರ ಮಾತು ಸುಳ್ಳಾಗಲಿಲ್ಲ.

ಭಾಷೆ ಮಾತ್ರ ಅಷ್ಟು ಬೇಗ ಒಗ್ಗಲಿಲ್ಲ. ನಾನು ‘ಐತಿ’ ಅಂದರೆ ಹುಡುಗರು ‘ಅದ’ ಎಂದು ತಿದ್ದುತ್ತಿದ್ದರು. ಪಾಠಗಳೆಲ್ಲ ಉರ್ದುವಿನಲ್ಲಿ, ಕನ್ನಡಕ್ಕೆ ಒಂದೇ ತಾಸು. ಒಮ್ಮೆ ಭೂಗೋಳದ ಮಾಸ್ತರರು ಬಾರದ ದಿನ ಬಲದಿಂದ ಎಡಕ್ಕೆ ಓದುವ ಅವರ ಉರ್ದು ಪುಸ್ತಕವನ್ನು ನಾನು ಹಿಂದುಮುಂದಾಗಿ ತೆರೆದು ಹಿಡಿದೆ. ನನಗಿಂತ ಎತ್ತರದ ಹುಡುಗರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಆ ಸಂಜೆಯಿಂದ ಶಾಲೆಯ ಮೌಲ್ವಿ ಸಾಹೇಬರ ಮುಂದೆ ಕುಳಿತು ಅಲಿಫ್, ಬೇ ತಿದ್ದತೊಡಗಿದೆ. ಅವರು ಬಿಳಿಗಡ್ಡದ ಮುದುಕರು. ನನ್ನ ವಕ್ರ ಅಕ್ಷರಗಳನ್ನು ನೋಡಿಯೂ ಎಂದೂ ನಗಲಿಲ್ಲ.

ವರ್ಷದ ಜಲ್ಸಾಕ್ಕೆ, ಅಂದರೆ ಶಾಲೆಯ ಸಮಾರಂಭಕ್ಕೆ, ಒಂದು ನಾಟಕ ಬರೆದೆ. ಯುದ್ಧಕ್ಕೆ ಎಳೆದೊಯ್ದ ಮಗನನ್ನು ಮರಳಿ ಕೊಡು ಎಂದು ರಾಜನನ್ನು ಬೇಡುವ ಒಬ್ಬ ತಾಯಿಯ ಕಥೆ. ಇಲ್ಲಿ ನಾಲ್ಕು ಜನ ಸೇರಿ ಏನು ಮಾಡಬೇಕಾದರೂ ಸರಕಾರದ ಇಜಾಜತ್, ಅಂದರೆ ಪರವಾನಗಿ ಬೇಕು. ಮೌಲ್ವಿ ಸಾಹೇಬರೇ ಇಡೀ ನಾಟಕವನ್ನು ಉರ್ದುವಿಗೆ ಇಳಿಸಿ ಕಚೇರಿಗೆ ಒಪ್ಪಿಸಿದರು. ಇಜಾಜತ್ ಬಂತು.

ತಾಯಿಯ ಪಾರ್ಟಿಗೆ ಸೇಡಂ ಹತ್ತಿರದ ಮುಧೋಳದ ಒಕ್ಕಲಿನ ಹುಡುಗ ಶಿವಶರಣನನ್ನು ಆರಿಸಿದೆ. ಒಳ್ಳೆಯ ದನಿ, ಆದರೆ ನಡಿಗೆ ಕುಂಟೆ ಹೊಡೆಯುವವನದು. ಎಷ್ಟು ಹೇಳಿದರೂ ಬರಲಿಲ್ಲ. ಒಂದು ದಿನ ತಾಳ್ಮೆಗೆಟ್ಟು, ಹೆಗಲ ಮೇಲಿನ ಶಲ್ಯವನ್ನೇ ತಲೆಗೆ ಹೊದ್ದು ನಡೆದು ತೋರಿಸಿದೆ. ನಾಲ್ಕು ಹೆಜ್ಜೆ ಅಷ್ಟೇ. ತಿರುಗಿ ನೋಡಿದರೆ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಹಾಗೆ ನಡೆಯುವುದನ್ನು ಯಾರೂ ಒಂದು ದಿನದಲ್ಲಿ ಕಲಿಯುವುದಿಲ್ಲ ಎಂಬುದು ಆ ಹುಡುಗರಿಗೂ ತಿಳಿದುಹೋಗಿತ್ತು.

ಮಾತು ಊರಿಗೆ ಹರಡಿತು. ಜಲ್ಸಾ ಹತ್ತಿರ ಬಂದಿರುವಾಗ ಶಿವಶರಣನ ತಂದೆ ಭೀಮಶಾ ಶಾಲೆಗೇ ಬಂದ. ಪಡಸಾಲೆಯಲ್ಲಿ ಎಲ್ಲರ ಎದುರು ಕೇಳಿದ: “ನೀವು ನಾಟಕದಾಗ ಹೆಣ್ಣ ಪಾರ್ಟ ಮಾಡತಿದ್ರಂತ. ಖರೇನ್ರಿ?”

“ಹೌದು” ಅಂದೆ. ಅವನ ಮುಖ ನೋಡಲಾಗಲಿಲ್ಲ, ಹಾಸುಗಲ್ಲುಗಳ ನಡುವಿನ ಸಂದನ್ನು ನೋಡುತ್ತಿದ್ದೆ.

“ನಿಮಗ ನಾ ಬೈಯಂಗಿಲ್ರಿ. ಆದ್ರ ನನ್ನ ಮಗ ಸೀರಿ ಉಟ್ರ ನಾಳೆ ಅವಗ ಹೆಣ್ಣ ಯಾರ ಕೊಡತಾರ? ಏ ಶರಣಾ, ನಡೀ.”

ಹುಡುಗ ನನ್ನತ್ತ ಒಮ್ಮೆ ನೋಡಿ ತಂದೆಯ ಹಿಂದೆ ಹೋದ. ಆ ಪಾರ್ಟಿಗೆ ಬೇರೆ ಯಾರೂ ಒಪ್ಪಲಿಲ್ಲ. ತಾಯಿಯನ್ನು ತಂದೆ ಮಾಡಿಬಿಡೋಣವೇ ಎಂದು ಮೌಲ್ವಿ ಸಾಹೇಬರನ್ನು ಕೇಳಿದೆ. ಅವರು ಗಾಬರಿಯಾದರು. “ಇಜಾಜತ್‌ನಾಗ ಮಾಂ ಅಂತ ಬರದದ ಮಾಸ್ತರ ಸಾಬ್. ಬದಲಿ ಮಾಡಾಕ ಬರಂಗಿಲ್ಲ. ನಾಟಕನೇ ಬಂದ್ ಆಗತದ.” ಆಮೇಲೆ ಮೆಲ್ಲಗೆ ಹೇಳಿದರು: “ಆ ಪಾರ್ಟ ಬರಾಂವ ಒಬ್ಬಾಂವ ಅದಾನಲ್ಲ ಶಾಲ್ಯಾಗ.”

ಉಳಿದ ಹುಡುಗರು ತಿಂಗಳುಗಟ್ಟಲೆ ಮಾತು ಬಾಯಿಪಾಠ ಮಾಡಿದ್ದರು. ಜಲ್ಸಾದ ದಿನ ಇಳಿಹೊತ್ತಿನಲ್ಲಿ, ಟ್ರಂಕಿನ ಸೀರೆಯ ಜರಿ ಕಿತ್ತು ನಾನೇ ಉಟ್ಟೆ. ನಲವತ್ತು ಸಮೀಪಿಸಿದವನು, ಹೊಟ್ಟೆ ಬಂದವನು, ಅವರಿಗೆಲ್ಲ ದಿನಾ ವ್ಯಾಕರಣ ಹೇಳುವವನು. ಪರದೆ ಸರಿಸಿ ರಂಗಕ್ಕೆ ಕಾಲಿಟ್ಟಾಗ ಮೊದಲು ನಕ್ಕವನು ಸಿಂಹಾಸನದ ಮೇಲಿನ ರಾಜನೇ. ಅವನ ಮೀಸೆ ಕಳಚಿ ಬಿತ್ತು. ಆಮೇಲೆ ಶಾಲೆಯ ಅಂಗಳಕ್ಕೆ ಅಂಗಳವೇ ನಕ್ಕಿತು. ಯಾರೋ ಸೀಟಿ ಹೊಡೆದರು. ಕಂಪನಿಯಲ್ಲಿದ್ದಾಗ ಸೀಟಿ ಬಿದ್ದರೆ ಹಿಗ್ಗುತ್ತಿದ್ದೆ. ಅಂದು ಆ ಮುಖಗಳೆಲ್ಲ ಪರಿಚಯದವು. ಎಣ್ಣೆ ಅಂಗಡಿಯವರು, ಅಂಚೆಯವರು, ಕಸೂತಿ ಸೆರಗಿನ ಮರೆಯಲ್ಲಿ ಶರಣಮ್ಮ. ಮೈ ಬೆವರಿತು, ಬರೆದಿದ್ದ ಮಾತೆಲ್ಲ ಮರೆತುಹೋಯಿತು.

ತಹಸೀಲ ಕಚೇರಿಯ ಮುಂದೆ ಅರ್ಜಿ ಹಿಡಿದು ಕೂರುವ ಹೆಂಗಸರನ್ನು ಸಂತೆಗೆ ಹೋಗುವಾಗ ನೋಡುತ್ತಿದ್ದೆ. ಹಾಗೆ ನೆಲಕ್ಕೆ ಕುಕ್ಕರಿಸಿದೆ. ಸೆರಗು ಒಡ್ಡಿದೆ. ಕಂಪನಿಯ ಗ್ರಾಂಥಿಕ ಮಾತು ಬರಲಿಲ್ಲ, ಇಲ್ಲಿಯ ಮಾತೇ ಬಂತು.

“ಎಪ್ಪಾ, ನನ್ನ ಮಗ ಎಲ್ಲಿ ಅದಾನ? ಉಣ್ಣಾಕ ಕುಂತಾಂವನ್ನ ಎಬ್ಬಿಸಿಕೊಂಡು ಹೋದ್ರಿ. ತಾಟ ಇನ್ನಾ ಹಂಗ ಅದ. ತೊಳ್ಯಾಕ ನನಗ ಕೈ ಬರವಲ್ದು.”

ನಗು ಒಂದೊಂದು ಕಡೆಯಿಂದ ನಿಲ್ಲುತ್ತಾ ಬಂತು. ರಾಜ ಮೀಸೆ ಅಂಟಿಸಿಕೊಳ್ಳುವುದನ್ನು ಮರೆತು ನನ್ನನ್ನೇ ನೋಡುತ್ತಿದ್ದ. ನಾಟಕ ಮುಗಿಯಿತು. ಹೆಂಗಸರ ಕಡೆಯಿಂದ ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು. ಇದನ್ನು ಗೆಲುವು ಅನ್ನಬಹುದೇನೋ. ಆದರೆ ಮರುದಿನ ತರಗತಿಯ ಬಾಗಿಲಲ್ಲಿ ನಿಂತಾಗ ಒಳಗೆ ಹೋಗಲು ಕಾಲು ಬರಲಿಲ್ಲ. ಹುಡುಗರು ಎದ್ದು ನಿಂತರು. ಹಾಗೆ ನಿಂತದ್ದು ಗೌರವಕ್ಕೋ ಕನಿಕರಕ್ಕೋ ತಿಳಿಯದೆ, ಅಂದೆಲ್ಲ ಬೋರ್ಡಿನ ಕಡೆ ತಿರುಗಿಯೇ ಪಾಠ ಮಾಡಿದೆ.

ಸಂತೆಯಲ್ಲಿ ಭೀಮಶಾ ಸಿಕ್ಕ. “ಭಾಳ ಚಲೋ ಮಾಡಿದ್ರಿ ಮಾಸ್ತರ. ನನ್ನ ಮನ್ಯಾಕಿ ಮುಸಿಮುಸಿ ಅತ್ತಳು” ಅಂದ. ಆಮೇಲೆ ಮನಸ್ಸು ಬಿಚ್ಚಿ ಹೇಳಿದ: “ನಿಮಗೇನ್ರಿ, ನೀವು ಹೊರಗಿನವರು. ಇಲ್ಲಿ ಯಾರದಾರ ನಿಮಗ, ನಾಚಗೋಳಾಕ?”

ಹೊರಗಿನವನೇ ಆಗಿದ್ದರೆ ಆ ಅಂಗಳದಲ್ಲಿ ನನ್ನ ಮೈ ಅಷ್ಟು ಬೆವರುತ್ತಿರಲಿಲ್ಲ ಎಂದು ಅವನಿಗೆ ಹೇಗೆ ಹೇಳಲಿ?

ಬೇಸಿಗೆ ರಜೆಗೆ ಹಾವೇರಿಗೆ ಬಂದೆ. ಊಟಕ್ಕೆ ಕುಳಿತು ‘ಇನ್ನಾ ಸಾರು ಅದ ಏನು’ ಅಂದಾಗ ಅಣ್ಣನ ಮಕ್ಕಳು ಬಿದ್ದು ಬಿದ್ದು ನಕ್ಕರು. ಬೀಗರು ಬಂದಿದ್ದರು. ಈ ಸಲ ಅಣ್ಣ ನನ್ನನ್ನು ಹಿತ್ತಲಿಗೆ ಕಳಿಸಲಿಲ್ಲ. “ಮೊಗಲಾಯಾಗ ಮಾಸ್ತರ ಅದಾನ” ಎಂದು ಹೆಮ್ಮೆಯಿಂದಲೇ ಹೇಳಿದ. “ಏನು ಕಲಸ್ತೀರಿ?” ಎಂದು ಬೀಗರು ಕೇಳಿದರು. ‘ಕನ್ನಡ’ ಎಂದು ಅಣ್ಣ ಬಾಯಿ ತೆರೆಯುವಷ್ಟರಲ್ಲಿ ನಾನು “ನಾಟಕ” ಅಂದೆ. ಅಣ್ಣ ನೆಲ ನೋಡಿದ. ಹೇಳಿದ ಮೇಲೆ ನಾನೂ ನೆಲ ನೋಡಿದೆ.

ರಜೆ ಮುಗಿದು ಸೇಡಂ ಸ್ಟೇಷನ್ನಿನಲ್ಲಿ ಇಳಿದರೆ ಭೀಮಶಾನ ಎತ್ತಿನ ಗಾಡಿ ನಿಂತಿತ್ತು. ಯಾರನ್ನೋ ಬಿಟ್ಟು ಹೊರಟಿದ್ದವನು ನನ್ನನ್ನು ಕಂಡು ಕೂಗಿದ: “ಬರ್ರಿ ಮಾಸ್ತರ, ಕುಂದ್ರಿ.” ಹತ್ತಿದೆ. ದಾರಿಯಲ್ಲಿ ಎತ್ತುಗಳ ಬೆನ್ನ ಮೇಲೆ ಕೈಯಾಡಿಸುತ್ತಾ ಹೇಳಿದ: “ಈ ವರ್ಷ ನಮ್ಮ ಶರಣಗ ರಾಜನ ಪಾರ್ಟ ಕೊಡ್ರಿ. ದನಿ ಚಲೋ ಅದ ಅವಂದು.”

“ಕೊಡೋಣ. ಹೆಣ್ಣ ಪಾರ್ಟ ಯಾರು ಮಾಡಬೇಕು?”

ಅವನು ಹಿಂತಿರುಗಿ ನೋಡಿದ, ಇಂಥ ಪ್ರಶ್ನೆಯನ್ನೂ ಕೇಳುವವರುಂಟೇ ಎಂಬಂತೆ.

“ಅದಕ್ಕ ನಮ್ಮ ಮಾಸ್ತರ ನೀವ ಅದೀರಲ್ರಿ!”

‘ನಮ್ಮ ಮಾಸ್ತರ’ ಅಂದಿದ್ದ. ಕಿವಿಯ ತುದಿಯವರೆಗೆ ಬಿಸಿಯೇರಿತು. ಗಾಡಿಯಿಂದ ಇಳಿದು ನಡೆದುಬಿಡಬೇಕು ಅನ್ನಿಸಿತು. ಇಳಿಯಲಿಲ್ಲ. ಭೀಮಶಾ ಹುಲ್ಲು ಸರಿಸಿ ಇನ್ನೊಂದಿಷ್ಟು ಜಾಗ ಮಾಡಿಕೊಟ್ಟ. ನಾನು ಕಾಲು ಚಾಚಿ ಕುಳಿತೆ.