ಮಂಡಿಯ ಬಾಣಂತನ

ಎಪ್ಪತ್ತು ದಾಟಿದ ಮೇಲೆ ನಾನು ಬಾಣಂತಿಯಾದೆ. ನಗಬೇಡಿ. ದಾವಣಗೆರೆಯ ಪಿ.ಜೆ. ಬಡಾವಣೆಯ ನನ್ನ ಮನೆಯಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿ, ನನ್ನ ಕಿವಿಗೆ ಹತ್ತಿ ತುರುಕಿ, ತಲೆಗೆ ಹಳೆಯ ಕಾಟನ್ ಸೀರೆಯ ತುಂಡು ಸುತ್ತಿ ಮಲಗಿಸಿದವಳು ನನ್ನ ತಂಗಿ. ಹುಟ್ಟಿದ್ದು ಮಗುವಲ್ಲ, ಬಲಗಾಲಿಗೊಂದು ಹೊಸ ಮಂಡಿ. ಸವೆದ ಮೂಳೆಯ ತುದಿಗಳನ್ನು ತೆಗೆದು ಲೋಹ ಕೂರಿಸಿ, ನಡುವೆ ಒಂದು ಪ್ಲಾಸ್ಟಿಕ್ ಬಿಲ್ಲೆ ಇಟ್ಟಿದ್ದರು.

ತಂಗಿಯ ಮನೆ ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಲ್ಲಿ. ನಾನು ಕಾನ್ವೆಂಟ್ ಹಾಸ್ಟೆಲಿನಲ್ಲಿ ಊಟಕ್ಕೆ ಮುಂಚೆ ಗ್ರೇಸ್ ಪ್ರಾರ್ಥನೆ ಹೇಳಿ ಫೋರ್ಕ್ ಹಿಡಿಯುವುದನ್ನು ಕಲಿಯುತ್ತಿದ್ದ ಕಾಲಕ್ಕೆ ಅವಳು ಗದ್ದೆಯ ಬದುವಿನ ಮೇಲೆ ಬುತ್ತಿ ಹೊತ್ತು ಓಡಾಡುತ್ತಿದ್ದಳು. ಮುಂದೆ ಊರಿನ ಅರ್ಧಕ್ಕರ್ಧ ಸೊಸೆಯಂದಿರ ಬಾಣಂತನ ಅವಳ ಕೈಯಲ್ಲೇ ಆಯಿತು. ನನಗೆ ಮಕ್ಕಳಾಗಲಿಲ್ಲ. ಆ ಕೈಯ ಕೆಳಗೆ ನಾನು ಎಂದೂ ಕೂತವಳಲ್ಲ.

ಆಪರೇಷನ್ನಿಗೆ ಮುಂಚೆ ಡಾಕ್ಟರು ನನ್ನ ಮಂಡಿಗಿಂತ ಹೆಚ್ಚು ಹೊತ್ತು ನನ್ನ ಬಾಯಿಯನ್ನೇ ನೋಡಿದ್ದರು. ಹುಳುಕು ಹಲ್ಲು ಕೀಳಿಸಿ, ಶುಗರ್ ಹತೋಟಿಗೆ ತಂದು, ಅವರೇ ಕೊಟ್ಟ ಔಷಧಿಯ ಸೋಪಿನಲ್ಲಿ ಮೈ ತೊಳೆಸಿ, ಆಮೇಲೆ ಥಿಯೇಟರಿಗೆ ಕರೆದದ್ದು. ಎಲ್ಲೋ ಇರುವ ಕೀಟಾಣು ರಕ್ತದಲ್ಲಿ ಸಾಗಿ ಹೊಸ ಕೀಲಿಗೆ ಬಂದು ಕೂರಬಹುದಂತೆ. ಮನೆಗೆ ಕಳಿಸುವಾಗ, "ಹೊಲಿಗೆ ಬಿಚ್ಚೋ ತನಕ ಗಾಯಕ್ಕೆ ನೀರು ತಾಗಬಾರದ್ರಿ," ಎಂದರು. ತಂಗಿ ಗಂಭೀರವಾಗಿ ತಲೆಯಾಡಿಸಿದಳು. ಅವಳ ಪ್ರಕಾರ ನೀರು ತಾಗಬಾರದ್ದು ಮಂಡಿಗೆ ಮಾತ್ರ. ಉಳಿದ ಮೈ ಏನು ಪಾಪ ಮಾಡಿತ್ತು?

"ಕೊಯ್ದ ಮೈ ಅಂದ್ರ ಹಸಿ ಮೈ. ಬಿಸಿನೀರು ಬೀಳ್ಲಿಲ್ಲ ಅಂದ್ರ ವಾತ ಹಿಡೀತೈತೆ."

"ಇದು ಡೆಲಿವರಿ ಅಲ್ಲ ಕಣೇ, ಸರ್ಜರಿ."

"ಇಂಗ್ಲಿಷ್‌ನಾಗೆ ಏನಾರ ಅನ್ಕೋ. ಸುಮ್ನೆ ಕೂಡು."

ಮಂಡಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಮೇಲೊಂದು ಕೆಳಗೊಂದು ರಬ್ಬರ್ ಬ್ಯಾಂಡ್ ಬಿಗಿದು, ಬಚ್ಚಲಲ್ಲಿ ಕುರ್ಚಿಯ ಮೇಲೆ ಕೂರಿಸಿದಳು. ಮೊದಲ ಚೊಂಬು ನೀರು ನೆತ್ತಿಯಿಂದ ಇಳಿದಾಗ ನಾನು ಕಣ್ಣು ಮುಚ್ಚಿದೆ. ಓಹ್, ಹೌ ಕ್ಯಾನ್ ಐ ಟೆಲ್ ಯು! ಉಗಿಯಲ್ಲಿ ಗೋಡೆಗಳು ಕರಗಿದವು. ಸೀಗೆಕಾಯಿಯ ಘಮ, ಬೆನ್ನ ಮೇಲೆ ಅವಳ ಒರಟು ಅಂಗೈ, ಎಲ್ಲೋ ದೂರದಲ್ಲಿ ಆಟೋಗಳ ಸದ್ದು. ನನಗೆ ವಯಸ್ಸೇ ಇರಲಿಲ್ಲ. ನಾನು ಯಾರದೋ ತಾಯಿ, ಯಾರದೋ ಕೂಸು, ಎರಡೂ ಆಗಿದ್ದೆ.

ಕವರಿನೊಳಗೆ ನೀರು ಇಳಿದಿತ್ತು. ತಂಗಿ ಒದ್ದೆ ಪಟ್ಟಿ ಬಿಚ್ಚಿ, ಗಾಯಕ್ಕೆ ಲೋಬಾನದ ಹೊಗೆ ಹಿಡಿದು, ಹಸುಗೂಸಿನ ಹೊಕ್ಕುಳಿಗೆ ಸವರುವಂತೆ ಬೆರಳಲ್ಲಿ ಕೊಬ್ಬರಿ ಎಣ್ಣೆ ಸವರಿ, ಮೆತ್ತಗಿನ ಬಟ್ಟೆ ಕಟ್ಟಿದಳು. ಅಷ್ಟರಲ್ಲಿ ನನಗೆ ಜೋಂಪು ಹತ್ತಿತ್ತು.

ಕೆಲವೇ ದಿನಗಳಲ್ಲಿ ಆ ಬಟ್ಟೆಯ ಮೇಲೆ ಹಳದಿ ಕಲೆ ಕಂಡಿತು. ಮಂಡಿ ಕೆಂಪಾಗಿ, ಮುಟ್ಟಿದರೆ ಸುಡುತ್ತಿತ್ತು. ತಂಗಿ ಚಪ್ಪಲಿ ಮೆಟ್ಟಿ ಗುಳಿಗೆ ತರಲು ಮೆಡಿಕಲ್ ಶಾಪಿಗೆ ಹೊರಟಳು. ನಾನು ಫೋನ್ ಮಾಡಿದಾಗ ಡಾಕ್ಟರು ತಡೆದರು. "ಯಾವ ಗುಳಿಗೆನೂ ಬ್ಯಾಡ್ರಿ ಮೇಡಂ. ಗುಳಿಗೆ ನುಂಗಿದ್ರೆ ಒಳಗಿರೋ ಕೀಟಾಣು ಯಾವ್ದು ಅಂತ ಟೆಸ್ಟ್‌ನಾಗೆ ಗೊತ್ತಾಗಲ್ಲ. ಈಗ್ಲೇ ಬರ್ರಿ."

ಸೂಜಿ ಹಾಕಿ ಕೀಲಿನೊಳಗಿನ ನೀರು ತೆಗೆದರು. ಅದು ಮಬ್ಬಾಗಿತ್ತು.

"ಕೊಂಡಜ್ಜಿ ಕೆರೆ ಕಲ್ಲಿನ ಮ್ಯಾಲೆ ಪಾಚಿ ನೋಡೀರಲ್ರಿ? ಕೀಟಾಣು ಹಂಗೇ ಲೋಹಕ್ಕೆ ಅಂಟಿಕೊಂತಾವು. ಬರೀ ಔಷಧಿಗೆ ಹೋಗಲ್ಲ. ಬಿಚ್ಚಿ, ಉಜ್ಜಿ ತೊಳೀಬೇಕು. ಪ್ಲಾಸ್ಟಿಕ್ ಬಿಲ್ಲೆ ಬದಲು ಮಾಡ್ತೀನಿ. ಬೇಗ ಬಂದೀರಿ, ಮಂಡಿ ಉಳೀಬೋದು."

"ಉಳೀದಿದ್ರೆ?" ಎಂದೆ.

"ಪೂರಾ ತೆಗೀಬೇಕಾಗ್ತೈತೆ. ಇನ್‌ಫೆಕ್ಷನ್ ಹೋದ್ಮೇಲೆ ಮತ್ತೆ ಹೊಸಾದು. ಅಲ್ಲೀತನಕ ಓಡಾಟ ಕಷ್ಟ."

ಪಕ್ಕದಲ್ಲಿ ಕೂತಿದ್ದ ತಂಗಿ ಎದ್ದು ಹೊರಗೆ ಹೋದಳು.

ಎರಡನೇ ಆಪರೇಷನ್ ಆಯಿತು. ಆಮೇಲೆ ವಾರಗಟ್ಟಲೆ ಡ್ರಿಪ್. ಜ್ವರದ ಮಂಪರಿನಲ್ಲಿ ನನ್ನ ಶಾಲೆಯ ಸಿಸ್ಟರ್‌ಗಳೆಲ್ಲ ಬಿಳಿ ನಿಲುವಂಗಿ ಎತ್ತಿ ಕಟ್ಟಿ, ಕೊಂಡಜ್ಜಿ ಕೆರೆಯ ಕಲ್ಲುಗಳನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದರು. ನೀರು ಹಸಿರಾಗಿ, ನೀಲಿಯಾಗಿ, ಕೊನೆಗೆ ಬಣ್ಣವೇ ಇಲ್ಲದಂತಾಗುತ್ತಿತ್ತು. ಎಚ್ಚರವಾದಾಗ ತಂಗಿ ವಾರ್ಡಿನ ಬಾಗಿಲಾಚೆ ನೆಲದ ಮೇಲೆ ಕೂತಿರುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ. ನನ್ನ ಮೈ ಮುಟ್ಟುತ್ತಿರಲಿಲ್ಲ.

"ಒಳಗೆ ಬಾರೇ, ಡಾರ್ಲಿಂಗ್."

"ಬ್ಯಾಡಕ್ಕ. ನನ್ ಕೈ ಸರಿ ಇಲ್ಲ."

"ಈ ವಯಸ್ಸಿಗೆ ನನಗೆ ಯಾರು ಹಾಗೆ ನೀರು ಎರೆದಾರು? ಅಂಥ ಸುಖ ನಾನು ಕಂಡೇ ಇರಲಿಲ್ಲ."

"ಸುಖಕ್ಕ ಕಾಲು ಕೊಡ್ತಾರೇನು, ಹುಚ್ಚಿ?" ಎಂದು ಬೈದು ಸೆರಗಿನಿಂದ ಮೂಗು ಒರೆಸಿಕೊಂಡಳು. ಮಂಡಿ ಹೋದರೆ ಅವಳೂ ನನ್ನ ಕೈತಪ್ಪುತ್ತಾಳೆ ಎಂದು ನನಗೆ ಅರ್ಥವಾದದ್ದು ಆಗ. ಜೀವ ಇರುವ ತನಕ ಸೇವೆ ಮಾಡಿಯಾಳು, ಆದರೆ ತಪ್ಪಿತಸ್ಥಳಂತೆ, ದೂರ ನಿಂತು.

ರಕ್ತದ ವರದಿಯಲ್ಲಿ ಸೋಂಕಿನ ಅಂಕಿಗಳು ನಿಧಾನಕ್ಕೆ ಇಳಿದವು. ಡ್ರಿಪ್ ಮುಗಿದು ಗುಳಿಗೆಗಳು ಬಂದವು, ತಿಂಗಳುಗಟ್ಟಲೆ. ಕೊನೆಗೊಂದು ದಿನ ಡಾಕ್ಟರು ಮಂಡಿಯನ್ನು ಮಡಿಸಿ, ಬಿಡಿಸಿ, "ಉಳೀತು ಬಿಡ್ರಿ," ಎಂದರು. ಆಮೇಲೆ ನನ್ನನ್ನು ಬಿಟ್ಟು ತಂಗಿಯ ಕಡೆ ತಿರುಗಿದರು. "ಮುಂದೆ ಹಲ್ಲು ಕೀಳಿಸೋದಿದ್ರೆ ನನ್ನ ಕೇಳ್ರಿ. ಕಾಲಾಗೆ ಗಾಯ ಆದ್ರೆ, ಮಂಡಿ ಊದಿದ್ರೆ ಮನೆಮದ್ದು ಬ್ಯಾಡ. ನೀವೇ ನಿಗಾ ಇಡ್ಬೇಕು, ಅಮ್ಮ."

"ಇಡ್ತೀನ್ರಿ," ಎಂದಳು ತಂಗಿ. ಸೊಂಟಕ್ಕೆ ಸೆರಗು ಸಿಕ್ಕಿಸಿ ಎಂದಳು.

ಅವಳನ್ನು ಊರಿಗೆ ಬಿಟ್ಟುಬರಲು ಹೊರಟ ದಿನ ಹರಿಹರದಲ್ಲಿ ಕಾರು ನಿಲ್ಲಿಸಿ ಹೊಳೆಯ ಹತ್ತಿರ ಇಳಿದೆವು. ತುಂಗಭದ್ರೆ ಬಿಸಿಲಿನಲ್ಲಿ ನಿದ್ದೆಗಣ್ಣಿನವಳಂತೆ ಹರಿಯುತ್ತಿತ್ತು. ಕಾಲು ಅದ್ದುವ ಆಸೆಯಾಯಿತು. ತಂಗಿ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ಪಾದ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಹಿಮ್ಮಡಿಯನ್ನೂ ಬೆರಳ ಸಂದನ್ನೂ ಹೆಬ್ಬೆಟ್ಟಿನಿಂದ ಒತ್ತಿ ಒತ್ತಿ ನೋಡಿದಳು.

"ಹಿಮ್ಮಡಿ ಸೀಳೈತೆ. ನೀರಿಗೆ ಇಳಿಯಂಗಿಲ್ಲ."

"ಜಸ್ಟ್ ಒನ್ ಮಿನಿಟ್..."

"ಬ್ಯಾಡ ಅಂದ್ರ ಬ್ಯಾಡ. ಇಲ್ಲಿಂದ್ಲೇ ನೋಡು."

ನೋಡಿದೆ. ಅವಳ ಕೈ ನನ್ನ ಪಾದದ ಮೇಲೆಯೇ ಇತ್ತು. ತೆಗೆಯಲು ಅವಳಿಗೂ ನೆನಪಾಗಲಿಲ್ಲ, ನಾನೂ ನೆನಪಿಸಲಿಲ್ಲ.